ಹಳೆ ಬ್ರಿಟಿಷ್ ಟ್ವಿನ್ ಕಟ್ಟುವ ಮುಂಚೆ ಫ್ರೇಮ್ ಆರಿಸೋದು ಹೇಗೆ?

ಪುಣೆಯಲ್ಲಿ ಹಳೆ ಬ್ರಿಟಿಷ್ ಟ್ವಿನ್, ಅಂದ್ರೆ ಎರಡು ಸಿಲಿಂಡರಿನ ಬೈಕ್, ಕಟ್ಟೋಕೆ ಹೊರಟವರು ಸಾಮಾನ್ಯವಾಗಿ ಎಂಜಿನ್‌ನಿಂದ ಶುರು ಮಾಡ್ತಾರೆ. ನಾನಾ ಪೇಠ್‌ನ ಯಾವುದೋ ಗೋದಾಮಿನಲ್ಲಿ ಟ್ರಯಂಫ್ 650ರ ಕ್ರ್ಯಾಂಕ್‌ಕೇಸ್ ಸಿಗುತ್ತೆ, ಮುಂಬೈನ ಕುರ್ಲಾದಲ್ಲಿ ಒಂದು ಗೇರ್‌ಬಾಕ್ಸ್ ಸಿಗುತ್ತೆ, ಎರಡನ್ನೂ ಮನೆಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಇಟ್ಟ ಮೇಲೆ "ಇದಕ್ಕೆ ಯಾವ ಫ್ರೇಮ್ ಹಾಕಲಿ?" ಅಂತ ಕೇಳ್ತಾರೆ. ನನ್ನ ಪ್ರಕಾರ ಇದು ಉಲ್ಟಾ ದಾರಿ. ಫ್ರೇಮ್ ಮೊದಲು, ಎಂಜಿನ್ ಆಮೇಲೆ. ಆರ್‌ಟಿಒ ಲೆಕ್ಕದಲ್ಲಿ ಗಾಡಿ ಅಂದ್ರೆ ಚಾಸಿ ನಂಬರ್ ಹೊತ್ತಿರೋ ಆ ಉಕ್ಕಿನ ಪೈಪುಗಳೇ. ಘಾಟಿ ತಿರುವಿನಲ್ಲೂ ಅಷ್ಟೇ. ಎಂಜಿನ್ ಕೈಕೊಟ್ಟರೆ ಗಾಡಿ ನಿಲ್ಲುತ್ತೆ, ಫ್ರೇಮ್ ಕೈಕೊಟ್ಟರೆ ಗಾಡಿ ಬೀಳುತ್ತೆ.

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪಿಂಪ್ರಿ-ಚಿಂಚ್‌ವಡ, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಕೆಲಸ ಮಾಡೋ ನಮ್ಮವರಲ್ಲಿ ಈ ಹುಚ್ಚು ಇರೋರು ಕಮ್ಮಿ ಇಲ್ಲ. ಲೇತ್, ಮಿಲ್ಲಿಂಗ್, ಅಳತೆಯ ಸಾಮಾನು ಎಲ್ಲ ಅವರ ಕೈಯಲ್ಲೇ ಇದೆ. ಕೆಲಸ ಬರುತ್ತೆ, ಆದರೆ ಯಾವ ಫ್ರೇಮ್ ಅನ್ನೋ ನಿರ್ಧಾರ ಮಾತ್ರ ಫೋಟೋ ನೋಡಿ ಆಗುತ್ತೆ. ಅಂಥವರಿಗಾಗಿ ಇದನ್ನ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಕಾಗದ ನೋಡದೆ ಕಬ್ಬಿಣ ಮುಟ್ಟಬೇಡಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿಯನ್ನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಕಾಯ್ದೆಗೆ ಸೇರಿದ 182ಎ ಸೆಕ್ಷನ್‌ನಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಇದೆ.

"ವಿಂಟೇಜ್ ನೋಂದಣಿ ಮಾಡಿಸ್ತೀನಿ ಬಿಡಿ" ಅನ್ನೋರು ಸ್ವಲ್ಪ ನಿಲ್ಲಿ. 2021ರಲ್ಲಿ ಬಂದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರ ಇರೋ ನಂಬರ್ ಕೊಡ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಎಂಜಿನ್ ಬದಲಾಗಿರಬಾರದು. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದಕ್ಕೆ ಮಾತ್ರ ರಸ್ತೆಗೆ ತರಬಹುದು. ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿದ ಟ್ರೈಟನ್‌ಗೆ ಇದರಲ್ಲಿ ಜಾಗ ಇಲ್ಲ.

ಹಾಗಾದ್ರೆ ಏನು ಮಾಡಬೇಕು? ನಾನು ಹೇಳೋದು ಇಷ್ಟು. ರಸ್ತೆಗೆ ಇಳಿಸೋ ಆಸೆ ಇದ್ದರೆ ಆರ್‌ಸಿಯಲ್ಲಿರೋ ಚಾಸಿ ಮತ್ತು ಎಂಜಿನ್ ಜೋಡಿಯನ್ನೇ ಇಟ್ಟುಕೊಳ್ಳಿ, ಹ್ಯಾಂಡಲ್, ಸೀಟು, ಫುಟ್‌ರೆಸ್ಟ್‌ನಂಥ ಬಿಚ್ಚಿ ವಾಪಸ್ ಹಾಕಬಹುದಾದ ಕೆಲಸಕ್ಕೆ ನಿಲ್ಲಿಸಿ. ಬೇರೆ ಎಂಜಿನ್ ಹಾಕಲೇಬೇಕು ಅಂದ್ರೆ ಕಬ್ಬಿಣ ಕೊಳ್ಳೋ ಮುಂಚೆಯೇ ನಿಮ್ಮ ಆರ್‌ಟಿಒಗೆ ಅರ್ಜಿ ಕೊಟ್ಟು ಉತ್ತರವನ್ನ ಬರಹದಲ್ಲಿ ತಗೊಳ್ಳಿ. ಏಜೆಂಟ್ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅದೂ ಬೇಡ ಅಂದ್ರೆ ಖಾಸಗಿ ಟ್ರ್ಯಾಕ್‌ಗೆ, ಪ್ರದರ್ಶನಕ್ಕೆ ಅಂತಲೇ ಕಟ್ಟಿ. ಆಗ ನಿಮಗೆ ಬೇಕಾದ ಫ್ರೇಮ್ ಹಾಕಬಹುದು.

ಚಾಸಿ ನಂಬರನ್ನ ಖುದ್ದಾಗಿ ನೋಡಿ. ಟ್ರಯಂಫ್‌ನಲ್ಲಿ ಅದು ಹೆಡ್‌ಸ್ಟಾಕ್‌ನ (ಮುಂದಿನ ಫೋರ್ಕ್ ಕೂರೋ ಫ್ರೇಮಿನ ತಲೆಭಾಗ) ಎಡಬದಿಯಲ್ಲಿರುತ್ತೆ, ಎಂಜಿನ್ ನಂಬರ್ ಎಡಗಡೆ ಸಿಲಿಂಡರ್ ಬುಡದ ಕೆಳಗಿರುತ್ತೆ, ಮತ್ತು ಯೂನಿಟ್ 650ಗಳಲ್ಲಿ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರೋ ಗಾಡಿಗಳಲ್ಲಿ) ಎರಡು ನಂಬರೂ ಒಂದೇ ಆಗಿರಬೇಕು. 1969ರಿಂದ ಎಂಜಿನ್ ನಂಬರ್ ಹೊಡೆಯೋ ಜಾಗದಲ್ಲಿ ಸಣ್ಣ ಸಣ್ಣ ಟ್ರಯಂಫ್ ಲೋಗೋಗಳ ಉಬ್ಬು ಇದೆ. ಅದು ಉಜ್ಜಿ ಹೋಗಿದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತ ಅರ್ಥ. ನಂಬರಿನ ಮೇಲೆ ಕಾಗದ ಇಟ್ಟು ಮೆತ್ತನೆ ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೀರಿ. ಕಣ್ಣಿಗೆ ಕಾಣದ ಹಳೆ ಅಂಕಿಯ ನೆರಳು, ಗ್ರೈಂಡರ್ ಗೆರೆ ಎಲ್ಲ ಅದರಲ್ಲಿ ಎದ್ದು ಬರುತ್ತೆ. ಮಸುಕಾದ ನಂಬರನ್ನ ಮತ್ತೆ ಹೊಡೆಸೋಣ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಹೊರಟುಬಿಡಿ, ಅದು ಅಪರಾಧ.

ಬೆಳಗಾವಿಯ ಕೆಎ-22 ಗಾಡಿಯನ್ನ ಪುಣೆಗೆ ತರ್ತಿದ್ದೀರಾ? 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಡೋದಾದರೆ ಎನ್‌ಒಸಿ ತಂದು ಮಹಾರಾಷ್ಟ್ರದ ನಂಬರ್ ಮಾಡಿಸಬೇಕು. ಫ್ರೇಮ್ ಬಿಚ್ಚೋ ಮುಂಚೆ, ಗಾಡಿ ಗಾಡಿಯಾಗಿ ಕಾಣ್ತಿರೋವಾಗಲೇ ಈ ಕೆಲಸ ಮುಗಿಸಿ. ಡಬ್ಬದಲ್ಲಿ ತುಂಬಿದ ಪಾರ್ಟ್ಸ್‌ನ ತಪಾಸಣೆ ಮಾಡಿಸೋಕಾಗಲ್ಲ.

ಹಂತ 2: ಯಾರು ಓಡಿಸೋದು, ಎಲ್ಲಿ ಓಡಿಸೋದು

ಪುಣೆಯ ಸ್ಪೀಡ್ ಬ್ರೇಕರ್‌ಗಳು ನಿಮಗೆ ಗೊತ್ತು. ಫ್ರೇಮಿನ ಕೆಳಪೈಪು ಎಷ್ಟು ತಗ್ಗಿದೆ, ಸೈಲೆನ್ಸರ್ ಎಲ್ಲಿ ಹಾದುಹೋಗುತ್ತೆ ಅನ್ನೋದು ಇಲ್ಲಿ ಅಂದಚಂದದ ವಿಷಯ ಅಲ್ಲ. ಎರಡು ಕೆಳಪೈಪು ಇರೋ ಫ್ರೇಮಿನ ಹೊಟ್ಟೆ ಉಜ್ಜೋದು ಜಾಸ್ತಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರಕ್ಕೆ ಪ್ರವೇಶ ಇಲ್ಲ, ಹಳೆ ಹೆದ್ದಾರಿಯ ಖಂಡಾಲಾ ತಿರುವುಗಳೇ ಗತಿ. ತಾಮ್ಹಿಣಿ, ವರಂಧಾ ಘಾಟಿಗಳಲ್ಲಿ ಮಳೆಗಾಲದ ಗುಂಡಿ ಇದ್ದದ್ದೇ. ಇಂಥ ಕಡೆ ನಿಧಾನವಾಗಿ ತಿರುಗೋವಾಗಲೂ ಹಿಡಿತ ತಪ್ಪದ, ಗುಂಡಿಗೆ ಬಿದ್ದರೂ ಗೆರೆ ಬಿಡದ ಫ್ರೇಮ್ ಬೇಕು.

ನಿಮ್ಮ ಎತ್ತರವನ್ನೂ ಲೆಕ್ಕಕ್ಕೆ ತಗೊಳ್ಳಿ. 1971ರ ಟ್ರಯಂಫ್ ಫ್ರೇಮ್, ಅಂದ್ರೆ ಬೆನ್ನಿನ ದಪ್ಪ ಪೈಪಿನೊಳಗೇ ಎಣ್ಣೆ ತುಂಬೋದು, ಮೊದಲು ಬಂದಾಗ ಸೀಟು ತುಂಬಾ ಎತ್ತರ ಆಯ್ತು ಅಂತ ಜನ ಬೈದರು, ಕಂಪನಿಯೇ ಆಮೇಲೆ ತಗ್ಗಿಸಬೇಕಾಯ್ತು. ಐದಡಿ ಐದಿಂಚಿನವರು ಸಿಂಹಗಡ ರಸ್ತೆಯ ಟ್ರಾಫಿಕ್‌ನಲ್ಲಿ ಕಾಲು ಊರೋಕೆ ಒದ್ದಾಡೋ ಗಾಡಿ ಕಟ್ಟಿ ಏನು ಪ್ರಯೋಜನ, ಅಲ್ವಾ? ಕೊಳ್ಳೋ ಮುಂಚೆ ಅದೇ ತರದ ಗಾಡಿಯ ಮೇಲೆ ಒಮ್ಮೆ ಕೂತು ನೋಡಿ.

ಗೋವಾದಲ್ಲಿ ಇಡೋ ಗಾಡಿಯಾದರೆ ಇನ್ನೊಂದು ಮಾತು. ನಿಕಲ್ ಲೇಪನದ ಫ್ರೇಮ್ ನೋಡೋಕೆ ಚೆನ್ನ. ಆದರೆ ಸಮುದ್ರದ ಉಪ್ಪುಗಾಳಿ ಲೇಪನದ ಸಣ್ಣ ತೂತಿನಿಂದ ಒಳಗೆ ಹೋಗಿ ಕೆಳಗಿನ ಉಕ್ಕನ್ನ ತಿನ್ನುತ್ತೆ. ಅಲ್ಲಿಗೆ ಪೇಂಟೇ ಸರಿ.

ಹಂತ 3: ಯಾವ ಫ್ರೇಮ್, ಏನು ಗುಣ

ನಮ್ಮ ದೇಶಕ್ಕೆ ಬ್ರಿಟಿಷ್ ಟ್ವಿನ್‌ಗಳು ಜಾಸ್ತಿ ಬಂದಿದ್ದು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ. ಹಾಗಾಗಿ ಇಲ್ಲಿ ಕೈಗೆ ಸಿಗೋ ಫ್ರೇಮ್ ಬಹುಪಾಲು ಹಿಂದೆ ಸಸ್ಪೆನ್ಶನ್ನೇ ಇಲ್ಲದ ರಿಜಿಡ್, ಇಲ್ಲವೇ ಹಿಂದಿನ ಆಕ್ಸಲ್ ಮಾತ್ರ ಸ್ಪ್ರಿಂಗ್‌ಗಳ ನಡುವೆ ಏರಿಳಿಯೋ ಪ್ಲಂಜರ್. ಬಿಎಸ್ಎ ಎ10 1950ರ ಮಾದರಿಯಾಗಿ ಬಂದಾಗ ಪ್ಲಂಜರ್ ಇತ್ತು, ಹಿಂದಿನ ಚಕ್ರ ಹಿಡಿದು ಕೀಲಿನ ಮೇಲೆ ಆಡೋ ಸ್ವಿಂಗ್ ಆರ್ಮ್ ಬಂದಿದ್ದು 1954ರಲ್ಲಿ. ಟ್ರಯಂಫ್‌ನಲ್ಲೂ ಸ್ವಿಂಗ್ ಆರ್ಮ್ ಶುರುವಾಗಿದ್ದು 1954ರ ಟೈಗರ್‌ಗಳಿಂದ, ಅದಕ್ಕೂ ಮುಂಚೆ ಹಿಂದಿನ ಚಕ್ರದ ಹಬ್ ಒಳಗೇ ಸ್ಪ್ರಿಂಗ್ ಇಟ್ಟಿದ್ದರು. ಆ ಸ್ಪ್ರಿಂಗ್ ಹಬ್ ನಿಮಗೆ ಸಿಕ್ಕರೆ ಸರಿಯಾದ ಟೂಲ್ ಇಲ್ಲದೆ ಬಿಚ್ಚಲೇಬೇಡಿ. ಒಳಗಿನ ಸ್ಪ್ರಿಂಗ್ ಭಾರೀ ಒತ್ತಡದಲ್ಲಿರುತ್ತೆ, ಚಿಮ್ಮಿದರೆ ಕೈ, ಮುಖ ಉಳಿಯಲ್ಲ.

ರಿಜಿಡ್ ಫ್ರೇಮನ್ನ ಕತ್ತರಿಸಿ ಸ್ವಿಂಗ್ ಆರ್ಮ್ ಹಾಕೋರು ಇದ್ದಾರೆ. ದಯವಿಟ್ಟು ಬೇಡ. ಇಡಿಯಾಗಿ ಉಳಿದಿರೋ ಹಳೆ ಫ್ರೇಮ್‌ಗಳು ದಿನದಿನಕ್ಕೆ ಕಮ್ಮಿಯಾಗ್ತಿವೆ. ಅದರ ಮೇಲೆ, ಆ ಕಾಲದ ಫ್ರೇಮ್‌ಗಳು ಎರಕದ ಲಗ್ಗುಗಳಿಗೆ ಪೈಪು ತೂರಿಸಿ ಪಿತ್ತಾಳೆ ಬೆಸುಗೆ ಹಾಕಿದಂಥವು. ಹಿಂಬದಿಯಿಂದ ಬರೋ ಹೊಸ ಬಲವನ್ನ ತಡೆಯೋಕೆ ಅವನ್ನ ಮಾಡಿಲ್ಲ. ರಿಜಿಡ್ ಸಿಕ್ಕರೆ ರಿಜಿಡ್ ಆಗಿಯೇ ಕಟ್ಟಿ, ಸ್ಪ್ರಿಂಗ್ ಸೀಟು ಹಾಕಿ, ಮಳೆ ನಿಂತ ಮೇಲೆ ಬೆಳಗಿನ ಹೊತ್ತು ಮುಳಶಿ ಕಡೆ ಓಡಿಸಿ. ಅದರ ಸುಖ ಬೇರೆ.

ಈಗ ಎಲ್ಲರ ಕನಸಿನ ನಾರ್ಟನ್ ಫ್ರೇಮ್, ಫೆದರ್‌ಬೆಡ್. ಬೆಲ್‌ಫಾಸ್ಟ್‌ನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಇದನ್ನ ಮಾಡಿದ್ದು, 1950ರಲ್ಲಿ ನಾರ್ಟನ್‌ನ ರೇಸ್ ತಂಡ ಇದನ್ನ ಓಡಿಸಿತು, ಅದೇ ವರ್ಷ ಜೆಫ್ ಡ್ಯೂಕ್ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ರೇಸ್ ಗೆದ್ದರು. ಹಿಂದಿನ ಫ್ರೇಮಿಗೆ ಹೋಲಿಸಿದರೆ ಇದು ಗರಿಯ ಹಾಸಿಗೆ ಅಂತ ಸವಾರ ಹೆರಾಲ್ಡ್ ಡೇನಿಯಲ್ ಅಂದದ್ದೇ ಹೆಸರಾಯ್ತು. ಅದರ ಗುಟ್ಟು ಸರಳ. ಎಡಕ್ಕೊಂದು ಬಲಕ್ಕೊಂದು ಎರಡು ದೊಡ್ಡ ಕುಣಿಕೆ. ಪೈಪು ಹೆಡ್‌ಸ್ಟಾಕ್‌ನಿಂದ ಹಿಂದಕ್ಕೆ ಹೋಗಿ, ಕೆಳಗಿಳಿದು, ಎಂಜಿನ್ ಅಡಿಯಲ್ಲಿ ಮುಂದೆ ಬಂದು, ಮತ್ತೆ ಮೇಲೇರಿ ಹೆಡ್‌ಸ್ಟಾಕ್‌ಗೇ ಸೇರುತ್ತೆ. ಸೇರೋ ಜಾಗದಲ್ಲಿ ಮೇಲಿನ ಪೈಪು ಹೆಡ್‌ಸ್ಟಾಕ್‌ನ ಕೆಳತುದಿಗೆ, ಕೆಳಗಿಂದ ಬಂದ ಪೈಪು ಮೇಲ್ತುದಿಗೆ, ಹೀಗೆ ಒಂದನ್ನೊಂದು ದಾಟಿ ಕೂತಿವೆ. ಫೋರ್ಕ್ ಎಷ್ಟೇ ಎಳೆದಾಡಿದರೂ ಹೆಡ್‌ಸ್ಟಾಕ್ ಅಲುಗದೇ ಇರೋದು ಇದರಿಂದ. ನಾರ್ಟನ್‌ನ ರೇಸ್ ಬೈಕ್ ಮ್ಯಾಂಕ್ಸ್‌ನ ಫ್ರೇಮಿಗೆ ರೆನಾಲ್ಡ್ಸ್ 531 ಅನ್ನೋ ಗಟ್ಟಿ ಮಿಶ್ರ ಉಕ್ಕಿನ ಪೈಪು ಬಳಸಿದರು, ರಸ್ತೆ ಗಾಡಿಗಳಿಗೆ ಸಾಮಾನ್ಯ ಉಕ್ಕು. ಆಕಾರ ಸರಿ ಇದ್ದರೆ ರಸ್ತೆ ಗಾಡಿಗೆ ಆ ಸಾಮಾನ್ಯ ಉಕ್ಕೇ ಸಾಕು. 531 ಅನ್ನೋ ಹೆಸರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಟ್ರೈಟನ್ ಹುಟ್ಟಿದ ಕಾರಣವೂ ಇಲ್ಲೇ ಇದೆ. ಇಂಗ್ಲೆಂಡಿನಲ್ಲಿ 500 ಸಿಸಿಯ ಸಣ್ಣ ರೇಸ್ ಕಾರು ಕಟ್ಟೋರಿಗೆ ಮ್ಯಾಂಕ್ಸ್ ಎಂಜಿನ್ ಬೇಕಿತ್ತು, ನಾರ್ಟನ್ ಬರೀ ಎಂಜಿನ್ ಮಾರ್ತಿರಲಿಲ್ಲ. ಅವರು ಪೂರ್ತಿ ಬೈಕ್ ಕೊಂಡು ಎಂಜಿನ್ ಕಿತ್ತುಕೊಂಡರು, ಎಂಜಿನ್ ಇಲ್ಲದ ಒಳ್ಳೆ ಫ್ರೇಮ್‌ಗಳು ಉಳಿದವು, ಅವಕ್ಕೆ ಜನ ಟ್ರಯಂಫ್ ಟ್ವಿನ್ ಕೂರಿಸಿದರು. ಅಂದ್ರೆ ಮೊದಲ ಟ್ರೈಟನ್‌ಗಳು ಉಳಿಕೆ ಫ್ರೇಮಿನಿಂದ ಆದದ್ದು, ಚೆನ್ನಾಗಿರೋ ಗಾಡಿ ಒಡೆದು ಮಾಡಿದ್ದಲ್ಲ. ನೀವೂ ಹಾಗೇ ಮಾಡಿ. ನಾರ್ಟನ್‌ನ ರಸ್ತೆ ಟ್ವಿನ್ ಡಾಮಿನೇಟರ್ ಪೂರ್ತಿಯಾಗಿ ಸಿಕ್ಕರೆ ಡಾಮಿನೇಟರ್ ಆಗಿಯೇ ಉಳಿಸಿ.

ರಸ್ತೆಯ ಫೆದರ್‌ಬೆಡ್‌ನಲ್ಲಿ ಎರಡು ಬಗೆ. 1960ಕ್ಕಿಂತ ಮುಂಚಿನದು ವೈಡ್‌ಲೈನ್, ಮೇಲಿನ ಎರಡು ಪೈಪು ಅಗಲಕ್ಕಿವೆ, ಮೊಣಕಾಲು ಹೊರಗೆ ಹೋಗುತ್ತೆ. 1960ರಿಂದ ಸ್ಲಿಮ್‌ಲೈನ್, ಸೀಟಿನ ಮುಂಭಾಗದಲ್ಲಿ ಪೈಪು ಒಳಕ್ಕೆ ಬಂದಿವೆ. ಒಂದರ ಟ್ಯಾಂಕು ಇನ್ನೊಂದಕ್ಕೆ ಕೂರಲ್ಲ, ಇದನ್ನ ಮರೆತು ಟ್ಯಾಂಕ್ ಮೊದಲೇ ಕೊಂಡುಬಿಡಬೇಡಿ. ವೈಡ್‌ಲೈನ್‌ನಲ್ಲಿ ಎಂಜಿನ್ ತಲೆಯ ಹತ್ತಿರ ಕೈಯಾಡಿಸೋಕೆ ಜಾಗ ಜಾಸ್ತಿ, ನೋಟವೂ ಅದರದ್ದೇ ಚೆನ್ನ ಅಂತಾರೆ. ನನಗೆ ಮಾತ್ರ ಸ್ಲಿಮ್‌ಲೈನೇ ಇಷ್ಟ. ನಮ್ಮ ಎತ್ತರಕ್ಕೆ, ನಮ್ಮ ಟ್ರಾಫಿಕ್‌ಗೆ, ನಿಮಿಷಕ್ಕೊಮ್ಮೆ ಕಾಲು ಊರೋ ಊರಿಗೆ ಅದೇ ಸರಿ.

ನಾರ್ಟನ್ ಕಮಾಂಡೋ ಬೇರೆಯದೇ ಯೋಚನೆ. ಈ ಟ್ವಿನ್‌ಗಳಲ್ಲಿ ಎರಡು ಪಿಸ್ಟನ್ನೂ ಒಟ್ಟಿಗೇ ಮೇಲೆ ಹೋಗಿ ಒಟ್ಟಿಗೇ ಕೆಳಗೆ ಬರುತ್ತವೆ, ನಡುಕ ಅವುಗಳ ಹುಟ್ಟುಗುಣ. 1967ರ ಕೊನೆಯಲ್ಲಿ ತೋರಿಸಿದ ಕಮಾಂಡೋದಲ್ಲಿ ಎಂಜಿನ್, ಗೇರ್‌ಬಾಕ್ಸ್, ಸ್ವಿಂಗ್ ಆರ್ಮ್ ಮೂರನ್ನೂ ಒಂದು ಗುಂಪು ಮಾಡಿ ಐಸೊಲಾಸ್ಟಿಕ್ ಅನ್ನೋ ರಬ್ಬರ್ ಮೌಂಟ್‌ಗಳ ಮೇಲೆ ತೂಗಿಬಿಟ್ಟರು. ನಡುಕ ಸವಾರನಿಗೆ ತಲುಪಲ್ಲ. ಆದರೆ ಆ ಮೌಂಟ್‌ನ ಪಕ್ಕದ ಸಂದು ಇಂಚಿನ ಸಾವಿರದ ಆರರಿಂದ ಹತ್ತು ಭಾಗದೊಳಗೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಇಡಬೇಕು. ಸಂದು ಜಾಸ್ತಿಯಾದರೆ ಹಿಂದಿನ ಚಕ್ರ ತನ್ನಿಷ್ಟಕ್ಕೆ ಓಲಾಡುತ್ತೆ. ಮೊದಮೊದಲ ಕಮಾಂಡೋ ಫ್ರೇಮ್‌ಗಳು ಹೆಡ್‌ಸ್ಟಾಕ್ ಹತ್ತಿರ ಮುರಿದವು, ಕೆಳಗೆ ಇನ್ನೊಂದು ಪೈಪು ಸೇರಿಸಿದ ಮೇಲೆ ಸರಿಯಾಯ್ತು. 1960ರ ಟ್ರಯಂಫ್ ಡ್ಯೂಪ್ಲೆಕ್ಸ್ (ಎರಡು ಇಳಿಪೈಪಿನ) ಫ್ರೇಮಿನ ಕಥೆಯೂ ಹೆಚ್ಚುಕಮ್ಮಿ ಇದೇ, ಅಲ್ಲೂ ಟ್ಯಾಂಕಿನ ಕೆಳಗೆ ಇನ್ನೊಂದು ಪೈಪು ಬಂತು. ಈ ಎರಡರಲ್ಲೂ ಆ ಎರಡನೇ ಪೈಪು ಇಲ್ಲದ ಫ್ರೇಮ್ ಸಿಕ್ಕರೆ ಮ್ಯೂಸಿಯಂಗೆ ಸರಿ, ಓಡಿಸೋಕೆ ಬೇಡ. ಕಮಾಂಡೋ ಫ್ರೇಮಿಗೆ ಬೇರೆ ಎಂಜಿನ್ ಹಾಕೋದಂತೂ ನನಗೆ ಅರ್ಥವಾಗದ ಕೆಲಸ, ಆ ಫ್ರೇಮಿನ ಬುದ್ಧಿ ಇರೋದೇ ಆ ಗುಂಪಿನಲ್ಲಿ.

ಯೂನಿಟ್ ಟ್ರಯಂಫ್ 650 ಫ್ರೇಮ್, 1963ರಿಂದ 1970ರವರೆಗಿನದು, ಜನ ಕಡೆಗಣಿಸೋ ಒಳ್ಳೆ ಫ್ರೇಮ್. ಮುಂದೆ ಒಂದೇ ಇಳಿಪೈಪು. 1966ರಿಂದ ಹೆಡ್‌ಸ್ಟಾಕ್ ಕೋನ 65ರಿಂದ 62 ಡಿಗ್ರಿಗೆ ಬಂತು, ವೇಗದಲ್ಲಿ ನೆಟ್ಟಗೆ ಹೋಗೋ ಗುಣ ಹೆಚ್ಚಾಯ್ತು. ಸಿಕ್ಕರೆ 1966ರ ನಂತರದ್ದನ್ನೇ ತಗೊಳ್ಳಿ. ಟ್ರಯಂಫ್ ಎಂಜಿನ್ ಇರೋರಿಗೆ ಇದೇ ಎಲ್ಲಕ್ಕಿಂತ ಕಮ್ಮಿ ತಲೆನೋವಿನ ದಾರಿ, ಕಾಗದಕ್ಕೂ ಗ್ಯಾರೇಜಿಗೂ.

ರಿಕ್‌ಮನ್ ಮೆಟಿಸ್ ಫ್ರೇಮ್ ಬಗ್ಗೆ ಎರಡು ಮಾತು. ಡೆರೆಕ್ ಮತ್ತು ಡಾನ್ ರಿಕ್‌ಮನ್ ಸಹೋದರರು 531 ಪೈಪಿನಲ್ಲಿ, ನಿಕಲ್ ಲೇಪಿಸಿ, ಎಣ್ಣೆಯನ್ನ ಫ್ರೇಮಿನ ಪೈಪಿನೊಳಗೇ ಇಟ್ಟು ಮಾಡಿದ್ದು. ಸುಂದರವಾದ ಕೆಲಸ. ಹಳೆಯದು ಕೊಳ್ಳೋದಾದರೆ ಆ ಪೈಪಿನೊಳಗೆ ಹಳೆ ಎಂಜಿನ್‌ನ ಲೋಹದ ಪುಡಿ ಕೂತಿರಬಹುದು. ಚೆನ್ನಾಗಿ ತೊಳೆಯದೆ ಹೊಸ ಎಂಜಿನ್ ಜೋಡಿಸಿದರೆ ಬೇರಿಂಗ್ ಹೋಗುತ್ತೆ.

ದಿನಾ ಆಫೀಸಿಗೆ ಹೋಗಬೇಕು, ವರ್ಷಕ್ಕೆರಡು ಸಲ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಮೇಲೆ ಊರಿಗೂ ಹೋಗಬೇಕು, ಒಟ್ಟಿನಲ್ಲಿ ಟ್ವಿನ್ ಬೇಕು ಅಷ್ಟೇ ಅನ್ನೋರು ರಾಯಲ್ ಎನ್‌ಫೀಲ್ಡ್ 650 ತಗೊಳ್ಳಿ. ಅದರ ಫ್ರೇಮಿನ ಹಿಂದೆ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್‌ನವರ ಕೈ ಇದೆ, ರೇಸ್ ಫ್ರೇಮ್ ಮಾಡಿ ಹೆಸರಾದವರು ಅವರು. ಒಳ್ಳೆ ಫ್ರೇಮ್, ಕಾಗದದ ಚಿಂತೆ ಇಲ್ಲ.

ಹಂತ 4: ಫ್ರೇಮ್ ನೆಟ್ಟಗಿದೆಯಾ ನೋಡೋದು

ಈ ಹಂತಕ್ಕೆ ಒಂದು ಪೂರ್ತಿ ದಿನ ಕೊಡಿ. ಹೊಸ ಪೇಂಟ್ ಹೊಡೆದ, ಪೌಡರ್ ಕೋಟ್ ಮಾಡಿದ ಫ್ರೇಮ್ ಮಾರಾಟಕ್ಕೆ ಬಂದರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ. ತುಕ್ಕು ಹಿಡಿದ ಹಳೆ ಫ್ರೇಮ್ ಏನನ್ನೂ ಮುಚ್ಚಿಡಲ್ಲ.

ಮೊದಲು ಕೈ. ಕಣ್ಣು ಮುಚ್ಚಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಳಿಪೈಪನ್ನ ಹಿಡಿದು ಹೆಡ್‌ಸ್ಟಾಕ್‌ನಿಂದ ಕೆಳಕ್ಕೆ ಮೆಲ್ಲಗೆ ಜಾರಿಸಿ. ಮುಂದಿನಿಂದ ಗುದ್ದಿದ ಗಾಡಿಯಲ್ಲಿ ಪೈಪು ಬಾಗೋದು ಹೆಡ್‌ಸ್ಟಾಕ್‌ನಿಂದ ಒಂದು ಗೇಣು ಕೆಳಗೆ, ಅದೂ ಚಕ್ರದ ಕಡೆಯಲ್ಲಿ ಅಲ್ಲ, ಹಿಂಬದಿಯಲ್ಲಿ ಸಣ್ಣ ಸುಕ್ಕಿನ ಹಾಗೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗುತ್ತೆ. ಅಲ್ಲಿ ಪೈಪು ದುಂಡಗಿರದೆ ಮೊಟ್ಟೆಯಾಕಾರ ಆಗಿರುತ್ತೆ, ವರ್ನಿಯರ್ ಇಟ್ಟು ಅಡ್ಡ, ಉದ್ದ ಎರಡೂ ಅಳೆಯಿರಿ. ಪುಟ್ಟಿ ಹಚ್ಚಿ ಮುಚ್ಚಿದ್ದರೆ ಸಣ್ಣ ಅಯಸ್ಕಾಂತ ಅಲ್ಲಿ ಅಂಟದೆ ಜಾರುತ್ತೆ. ಕೆಳಪೈಪುಗಳ ಹೊಟ್ಟೆಯನ್ನೂ ಹೀಗೇ ಸವರಿ. ಜಾಕ್ ಇಟ್ಟ, ಬ್ರೇಕರ್‌ಗೆ ತಾಗಿದ ಚಪ್ಪಟೆ ಜಾಗ ಸಿಕ್ಕೇ ಸಿಗುತ್ತೆ. ಚಪ್ಪಟೆ ಪರವಾಗಿಲ್ಲ, ಅದರ ಅಂಚಿನಲ್ಲಿ ಬಿರುಕಿದ್ದರೆ ಬೇಡ.

ಆಮೇಲೆ ಅಳತೆ. ಹೆಡ್‌ಸ್ಟಾಕ್‌ನ ಕೋನ್‌ಸೆಟ್ (ಸ್ಟಿಯರಿಂಗ್ ಬೇರಿಂಗ್) ಕಪ್ಪುಗಳ ಜಾಗಕ್ಕೆ ಲೇತ್‌ನಲ್ಲಿ ಎರಡು ಬುಷ್ ತಿರುಗಿಸಿ, ನಡುವೆ ಅರ್ಧ ಮೀಟರ್‌ಗಿಂತ ಉದ್ದದ ನೆಟ್ಟನೆ ಬ್ರೈಟ್ ಬಾರ್ ತೂರಿಸಿ. ಸ್ವಿಂಗ್ ಆರ್ಮ್ ಸ್ಪಿಂಡಲ್ ಜಾಗಕ್ಕೂ ಅಂಥದೇ ಒಂದು ಬಾರ್. ಫ್ರೇಮಿನ ನಡುಗೆರೆಯಿಂದ ಎಡಕ್ಕೂ ಬಲಕ್ಕೂ ಒಂದೇ ದೂರದಲ್ಲಿ ಆ ಬಾರ್ ಮೇಲೆ ಗುರುತು ಹಾಕಿ. ಈಗ ಹೆಡ್‌ಸ್ಟಾಕ್‌ನ ಕೆಳತುದಿಯ ಮಧ್ಯದಿಂದ ಎರಡೂ ಗುರುತಿಗೆ ಟೇಪ್ ಹಿಡಿಯಿರಿ. ಎರಡೂ ಸಮ ಬರಬೇಕು. ಒಂದೆರಡು ಮಿಲಿಮೀಟರ್ ಫರಕು ಬಂದರೆ ಬಿಡಿ, ಆ ಕಾಲದ ಕಾರ್ಖಾನೆಯ ಜಿಗ್ಗುಗಳೂ (ಬೆಸುಗೆಗೆ ಪೈಪು ಬಿಗಿದು ಹಿಡಿಯೋ ಚೌಕಟ್ಟು) ಅಷ್ಟೇ. ಐದು ಮಿಲಿಮೀಟರ್ ಬಂದರೆ ಫ್ರೇಮ್ ಪಕ್ಕಕ್ಕೆ ತಿರುಗಿದೆ.

ಮುಂದೆ ಡಿಜಿಟಲ್ ಕೋನಮಾಪಕವನ್ನ ಸ್ವಿಂಗ್ ಆರ್ಮ್ ಬಾರ್ ಮೇಲಿಟ್ಟು ಸೊನ್ನೆ ಮಾಡಿ, ಹೆಡ್‌ಸ್ಟಾಕ್ ಬಾರ್‌ನ ಪಕ್ಕಕ್ಕೆ ಹಿಡಿಯಿರಿ. 90 ಡಿಗ್ರಿ ತೋರಿಸಬೇಕು, ಅರ್ಧ ಡಿಗ್ರಿ ಆಚೀಚೆ ಸಹಿಸಬಹುದು. ಅದಕ್ಕಿಂತ ಜಾಸ್ತಿ ಅಂದ್ರೆ ಹೆಡ್‌ಸ್ಟಾಕ್ ತಿರುಚಿದೆ, ಮುಂದಿನ ಚಕ್ರ ಒಂದು ಕಡೆ ಹಿಂದಿನ ಚಕ್ರ ಇನ್ನೊಂದು ಕಡೆ ವಾಲಿ ನಿಲ್ಲುತ್ತೆ. ಸ್ವಿಂಗ್ ಆರ್ಮನ್ನ ಬೇರೆಯಾಗಿ ನೋಡಿ, ಪಿವಟ್‌ಗೆ ಒಂದು ಬಾರ್, ಆಕ್ಸಲ್ ಜಾಗಕ್ಕೆ ಒಂದು ಬಾರ್ ಹಾಕಿ ಹಿಂದಿನಿಂದ ಒಂದೇ ಕಣ್ಣಲ್ಲಿ ನೋಡಿದರೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಭೋಸರಿಯ ಯಾವುದೇ ಟೂಲ್‌ರೂಮಿನಲ್ಲಿ ಸರ್ಫೇಸ್ ಪ್ಲೇಟ್ ಮತ್ತು ವಿ-ಬ್ಲಾಕ್ ಸಿಕ್ಕರೆ ಈ ಕೆಲಸ ಇನ್ನೂ ಸಲೀಸು.

ಕೊನೆಗೆ ಬಿರುಕು. ಪೇಂಟ್ ಪೂರ್ತಿ ತೆಗೆದು ಡೈ ಪೆನೆಟ್ರಂಟ್ ಹಾಕಿ. ಮೂರು ಡಬ್ಬಿ ಬರುತ್ತೆ, ತೊಳೆಯೋದು, ಕೆಂಪು ಬಣ್ಣ, ಬಿಳಿ ಡೆವಲಪರ್. ಕೆಂಪು ಹೊಡೆದು ಕಾಲು ಗಂಟೆ ಬಿಟ್ಟು ಒರೆಸಿ, ಬಿಳಿ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತೆ. ಹೆಡ್‌ಸ್ಟಾಕ್‌ನ ಸುತ್ತ, ಎಂಜಿನ್ ಮೌಂಟ್‌ಗಳ ಬುಡ, ಹಿಂದಿನ ಶಾಕ್‌ನ ಮೇಲ್ತುದಿ, ಸೈಡ್ ಸ್ಟ್ಯಾಂಡಿನ ಲಗ್ಗು, ಈ ನಾಲ್ಕು ಜಾಗ ಬಿಡಲೇಬೇಡಿ.

ಹಂತ 5: ರಿಪೇರಿ ಯಾರ ಕೈಗೆ

ಬೀದಿಬದಿಯ ಆರ್ಕ್ ವೆಲ್ಡಿಂಗ್ ಬೇಡವೇ ಬೇಡ. ಕಾರಣ ಇದೆ. ಪಿತ್ತಾಳೆ ಬೆಸುಗೆ ಹಾಕಿದ ಕೀಲಿನ ಮೇಲೆ ಆರ್ಕ್ ಇಲ್ಲವೇ ಮಿಗ್ ಹೊಡೆದರೆ ಕರಗಿದ ತಾಮ್ರ ಉಕ್ಕಿನ ಕಣಗಳ ನಡುವೆ ನುಗ್ಗುತ್ತೆ, ಉಕ್ಕು ಗಾಜಿನ ಹಾಗೆ ಪೆಡಸಾಗುತ್ತೆ. ಮೇಲ್ನೋಟಕ್ಕೆ ಗಟ್ಟಿ, ಒಂದು ಮಳೆಗಾಲದ ಗುಂಡಿಗೆ ಪಕ್ಕದಲ್ಲೇ ಸೀಳು ಬಿಡುತ್ತೆ. ಲಗ್ಗಿರೋ ಫ್ರೇಮಿಗೆ ಗ್ಯಾಸ್ ಮತ್ತು ಪಿತ್ತಾಳೆಯೇ ಸರಿ. ಹಳೆ ಪೈಪನ್ನ ಬಿಸಿ ಮಾಡಿ ಲಗ್ಗಿನಿಂದ ಹೊರಗೆಳೆದು, ಅದೇ ದಪ್ಪದ ಸೀಮ್‌ಲೆಸ್ ಪೈಪು ಹಾಕಿಸಿ. 531 ಪೈಪಿಗೂ ಕಮ್ಮಿ ಬಿಸಿಯ ಬ್ರಾಂಜ್ ಬೆಸುಗೆಯೇ ಹೇಳಿದ್ದು.

ಬಾಗಿದ ಹೆಡ್‌ಸ್ಟಾಕನ್ನ ಸಬ್ಬಲು ಹಾಕಿ ಎಳೆದು ನೆಟ್ಟಗೆ ಮಾಡ್ತೀವಿ ಅನ್ನೋರಿಗೆ ಫ್ರೇಮ್ ಕೊಡಬೇಡಿ. ಜಿಗ್‌ನಲ್ಲಿ ಬಿಗಿದು, ಅಳೆದು, ಸ್ವಲ್ಪ ಸ್ವಲ್ಪ ಎಳೆಯೋರು ಬೇಕು. ಕೊಲ್ಹಾಪುರ, ಬೆಳಗಾವಿಯ ಉದ್ಯಮಬಾಗ್ ಕಡೆ ತಲೆಮಾರುಗಳಿಂದ ಲೋಹದ ಕೆಲಸ ಮಾಡಿಕೊಂಡು ಬಂದವರಿದ್ದಾರೆ, ಹುಡುಕೋಕೆ ಸ್ವಲ್ಪ ಸಮಯ ಕೊಟ್ಟರೆ ಸಿಗ್ತಾರೆ.

ಹೊಸದಾಗಿ ಮಾಡಿದ ಫೆದರ್‌ಬೆಡ್ ನಕಲು ಕೊಳ್ಳೋದಾದರೆ ಮೂರು ಪ್ರಶ್ನೆ ಕೇಳಿ. ಪೈಪು ಸೀಮ್‌ಲೆಸ್ಸಾ, ಇಲ್ಲಾ ಪೀಠೋಪಕರಣಕ್ಕೆ ಬಳಸೋ ಸೀಮ್ ಇರೋ ಪೈಪಾ? ಜಿಗ್ ಮೇಲೆ ಮಾಡಿದ್ದಾ? ಹೆಡ್‌ಸ್ಟಾಕ್ ಒಳಗನ್ನ ವೆಲ್ಡಿಂಗ್ ಆದ ಮೇಲೆ ಮೆಷಿನ್ ಮಾಡಿದ್ದಾ, ಮುಂಚೆಯಾ? ವೆಲ್ಡಿಂಗ್ ಬಿಸಿಗೆ ಹೆಡ್‌ಸ್ಟಾಕ್ ಎಳೆದುಕೊಳ್ಳುತ್ತೆ, ಮುಂಚೆಯೇ ಮೆಷಿನ್ ಮಾಡಿದ್ದರೆ ಬೇರಿಂಗ್ ಸರಿಯಾಗಿ ಕೂರಲ್ಲ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಹಂತ 6: ಪೇಂಟ್‌ಗೆ ಮುಂಚೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ

ಬೇರೆ ಎಂಜಿನ್ ಕೂರಿಸೋರಿಗೆ ಇದು ಬಹಳ ಮುಖ್ಯ. ಒಡೆದ, ಕೆಲಸಕ್ಕೆ ಬಾರದ ಕ್ರ್ಯಾಂಕ್‌ಕೇಸ್ ಜೋಡಿಯೊಂದನ್ನ ಗುಜರಿಯಿಂದ ತನ್ನಿ, ಖಾಲಿ ಸಿಲಿಂಡರ್ ಮತ್ತು ಹೆಡ್ ಮೇಲಿಡಿ. ಹಗುರ ಇರುತ್ತೆ, ನೂರು ಸಲ ಎತ್ತಿ ಇಳಿಸಬಹುದು. ಎಂಜಿನ್ ಪ್ಲೇಟ್‌ಗಳನ್ನ ಮೊದಲು 6 ಎಂಎಂ ಪ್ಲೈವುಡ್‌ನಲ್ಲಿ ಕತ್ತರಿಸಿ. ಎಂಜಿನನ್ನ ಆದಷ್ಟು ಮುಂದೆ, ಆದಷ್ಟು ಕೆಳಗೆ ತನ್ನಿ, ಮುಂದಿನ ಚಕ್ರಕ್ಕೆ ಭಾರ ಬಿದ್ದರೇನೇ ಫೆದರ್‌ಬೆಡ್ ಚೆನ್ನಾಗಿ ತಿರುಗೋದು. ಫೋರ್ಕಿನ ಸ್ಪ್ರಿಂಗ್ ತೆಗೆದು ಪೂರ್ತಿ ಒತ್ತಿ, ಟೈರು ಎಕ್ಸಾಸ್ಟ್ ಪೈಪಿಗೆ ತಾಗುತ್ತಾ ನೋಡಿ. ರಾಕರ್ ಬಾಕ್ಸ್ ಮುಚ್ಚಳ ತೆಗೆಯೋಕೆ ಜಾಗ ಇದೆಯಾ, ಕಾರ್ಬ್ಯುರೇಟರ್ ಪೈಪಿಗೆ ತಾಗುತ್ತಾ, ಪ್ರೀ-ಯೂನಿಟ್ (ಗೇರ್‌ಬಾಕ್ಸ್ ಬೇರೆಯಾಗಿರೋದು) ಆದರೆ ಸಿಲಿಂಡರ್ ಹಿಂದಿನ ಮ್ಯಾಗ್ನೆಟೋ ಗೇರ್‌ಬಾಕ್ಸ್‌ಗೆ ಡಿಕ್ಕಿಯಾಗುತ್ತಾ ನೋಡಿ.

ಚೈನ್ ಗೆರೆಗೆ ಉದ್ದದ ಸ್ಟೀಲ್ ಪಟ್ಟಿ ಇಟ್ಟು ಎಂಜಿನ್ ಸ್ಪ್ರಾಕೆಟ್ ಮತ್ತು ಕ್ಲಚ್ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿವೆಯಾ ನೋಡಿ, ಆಮೇಲೆ ಗೇರ್‌ಬಾಕ್ಸ್ ಸ್ಪ್ರಾಕೆಟ್ ಮತ್ತು ಹಿಂದಿನ ಚಕ್ರದ್ದು. ಎಲ್ಲ ಸರಿ ಬಂದ ಮೇಲೆ ಪ್ಲೈವುಡ್ ಅಳತೆಯಲ್ಲಿ 10 ಎಂಎಂ 6082 ಅಲ್ಯೂಮಿನಿಯಂ ಇಲ್ಲವೇ 6 ಎಂಎಂ ಉಕ್ಕಿನ ಪ್ಲೇಟ್ ಲೇಸರ್‌ನಲ್ಲಿ ಕತ್ತರಿಸಿಸಿ, ತೂತುಗಳನ್ನ ಮಾತ್ರ ರೀಮರ್ ಹಾಕಿ ಬೋಲ್ಟಿಗೆ ಬಿಗಿಯಾಗಿ ಮಾಡಿ. ಸಡಿಲ ತೂತಿನಲ್ಲಿ ಎಂಜಿನ್ ಕುಣಿದು ಪ್ಲೇಟ್ ಸೀಳುತ್ತೆ. ಸಿಲಿಂಡರ್ ಹೆಡ್‌ನಿಂದ ಫ್ರೇಮಿನ ಮೇಲ್ಭಾಗಕ್ಕೆ ಹೆಡ್ ಸ್ಟೆಡಿ ಅನ್ನೋ ಆಸರೆ ಪಟ್ಟಿ ಹಾಕಲೇಬೇಕು, ನೋಟ ಕೆಡುತ್ತೆ ಅಂತ ಬಿಡುವಂತಿಲ್ಲ.

ಕ್ರ್ಯಾಂಕ್‌ನ ಬ್ಯಾಲೆನ್ಸ್ ಫ್ಯಾಕ್ಟರ್, ಅಂದ್ರೆ ಮೇಲೆ ಕೆಳಗೆ ಆಡೋ ಪಿಸ್ಟನ್ ಭಾರದ ಎಷ್ಟು ಪಾಲನ್ನ ಕ್ರ್ಯಾಂಕ್‌ನ ಎದುರುಭಾರ ಸರಿದೂಗಿಸುತ್ತೆ ಅನ್ನೋದು, ಕೂಡ ಫ್ರೇಮಿಗೆ ತಕ್ಕ ಹಾಗೆ ಇರುತ್ತೆ. ಯೂನಿಟ್ ಟ್ರಯಂಫ್ 650ಕ್ಕೆ ಶೇ. 85, ರಬ್ಬರಿನ ಮೇಲೆ ಕೂತ ಕಮಾಂಡೋಗೆ ಶೇ. 52. ಒಂದು ಫ್ರೇಮಿನಲ್ಲಿ ಹಾಯಾಗಿದ್ದ ಎಂಜಿನ್ ಇನ್ನೊಂದರಲ್ಲಿ ಕೈ ಜುಮ್ಮೆನ್ನಿಸೋದು ಇದಕ್ಕೇ. ಎಂಜಿನ್ ಬಿಚ್ಚಿರೋವಾಗಲೇ ಕ್ರ್ಯಾಂಕ್ ಬ್ಯಾಲೆನ್ಸ್ ಮಾಡೋರ ಹತ್ತಿರ ಯಾವ ಫ್ರೇಮ್ ಅಂತ ಹೇಳಿ ಮಾಡಿಸಿ.

ಬೋಲ್ಟ್‌ಗಳ ವಿಷಯದಲ್ಲಿ ಆತುರ ಬೇಡ. ಹಳೆ ಫ್ರೇಮಿನ ತೂತುಗಳಲ್ಲಿರೋದು ಇಂಚಿಗೆ 26 ಸುತ್ತಿನ ಸೈಕಲ್ ಥ್ರೆಡ್, ಅಲ್ಲಲ್ಲಿ ಬಿಎಸ್‌ಎಫ್ ಅನ್ನೋ ಹಳೆ ಬ್ರಿಟಿಷ್ ಥ್ರೆಡ್. ಮೆಟ್ರಿಕ್ ಬೋಲ್ಟನ್ನ ಒತ್ತಿ ತಿರುಗಿಸಿದರೆ ಎರಡು ಸುತ್ತು ಹೋಗುತ್ತೆ, ಮೂರನೆಯದಕ್ಕೆ ಹಳೆ ಥ್ರೆಡ್ ಹೋಗುತ್ತೆ. ಥ್ರೆಡ್ ಗೇಜ್ ಇಟ್ಟು ನೋಡಿ, ಸರಿಯಾದ ಟ್ಯಾಪ್‌ನಿಂದ ಒಮ್ಮೆ ಸ್ವಚ್ಛ ಮಾಡಿ.

ಇಷ್ಟೂ ಆದ ಮೇಲೆ ಪೂರ್ತಿ ಬಿಚ್ಚಿ ಪೇಂಟ್‌ಗೆ ಕೊಡಿ. ಚಾಸಿ ನಂಬರ್ ಮೇಲೆ ದಪ್ಪ ಪೌಡರ್ ಕೋಟ್ ಕೂರದ ಹಾಗೆ, ಹೆಡ್‌ಸ್ಟಾಕ್ ಒಳಗೆ, ಎಂಜಿನ್ ಮೌಂಟ್ ಮುಖಗಳಿಗೆ, ಅರ್ತ್ ವಯರ್ ಕೂರೋ ಜಾಗಕ್ಕೆ ಟೇಪ್ ಹಚ್ಚೋಕೆ ಹೇಳಿ. ನಾನಾದರೆ ಪೌಡರ್ ಕೋಟ್ ಬಿಟ್ಟು ಎರಡು ಭಾಗದ ಪೇಂಟನ್ನೇ ತೆಳುವಾಗಿ ಹೊಡೆಸ್ತೀನಿ, ಬಿರುಕು ಬಿಟ್ಟರೆ ಅದರ ಮೇಲೆ ಬೇಗ ಕಾಣುತ್ತೆ. ಗಾಡಿ ಓಡಿದ ಮೊದಲ 500 ಕಿಲೋಮೀಟರಿಗೆ ಎಂಜಿನ್ ಪ್ಲೇಟಿನ ಬೋಲ್ಟು, ಹೆಡ್ ಸ್ಟೆಡಿ, ಸ್ವಿಂಗ್ ಆರ್ಮ್ ಸ್ಪಿಂಡಲ್ ಎಲ್ಲ ಮತ್ತೆ ಬಿಗಿ ಮಾಡಿ, ಟ್ಯಾಂಕ್ ಎತ್ತಿ ಟಾರ್ಚ್ ಹಿಡಿದು ಹೆಡ್‌ಸ್ಟಾಕ್ ಸುತ್ತ ನೋಡಿ. ಆಮೇಲೆ ಎಣ್ಣೆ ಬದಲಾಯಿಸೋವಾಗಲೆಲ್ಲ ಇದನ್ನೂ ಮಾಡ್ತಾ ಇರಿ.